ಮಿಕ್ಸಿಗೆ ನಿಲ್ಲದ ಬಿಲಹರಿ

ಬೆಳಕು ಹರಿಯುವ ಮೊದಲು ಅನೀಸಾ ಮುಗಿಸುವ ಕೆಲಸಗಳು ಇವು: ನಲ್ಲಿಯಲ್ಲಿ ನೀರು ಬರುವ ದಿನವಾದರೆ ಬೀದಿಯವರಿಗಿಂತ ಮುಂಚೆ ಎದ್ದು ಡ್ರಮ್ಮು, ಕೊಡ, ಬಕೆಟ್ಟು, ಕೊನೆಗೆ ಅನ್ನದ ಪಾತ್ರೆಯನ್ನೂ ತುಂಬಿಸುವುದು, ಬಾರದ ದಿನವಾದರೆ ತುಂಬಿಸಿಟ್ಟದ್ದರಲ್ಲಿ ಯಾರಿಗೆಷ್ಟು ಎಂದು ಮನಸ್ಸಿನಲ್ಲೇ ಹಂಚುವುದು. ಅತ್ತೆ ಇಮಾಮ್‌ಬೀಯ ನಮಾಜಿಗೆ ಬಿಸಿನೀರು ಇಡುವುದು, ಅವಳ ಮಂಡಿಗೆ ಎಣ್ಣೆ ತಿಕ್ಕುವುದು. ರೊಟ್ಟಿ ಬಡಿಯುವುದು. ಮಗಳು ನುಜಹತ್‌ಳ ಡಬ್ಬಿಗೆ ಚಿತ್ರಾನ್ನ ಕಲೆಸುವುದು. ಗಂಡ ಅಫ್ರೋಜ್ ಲಾರಿಯಿಂದ ಮನೆಗೆ ಬಂದಿದ್ದರೆ ಅವನ ಡೀಸೆಲ್ ವಾಸನೆಯ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುವುದು, ಬಾರದಿದ್ದರೆ ಅವನ ಪಾಲಿನ ರೊಟ್ಟಿಯನ್ನು ಮಧ್ಯಾಹ್ನಕ್ಕೆ ಎತ್ತಿಡುವುದು. ಅಂಗಳ ಗುಡಿಸುವುದು. ಇಷ್ಟಾದ ಮೇಲೆ ನಿಂತುಕೊಂಡೇ ಒಂದು ಲೋಟ ಚಾ. ಆಮೇಲೆ ತಲೆಯ ಮೇಲೆ ಸೆರಗೆಳೆದುಕೊಂಡು, ಇವೇ ಕೆಲಸಗಳನ್ನು ಮೊದಲಿನಿಂದ ಮಾಡಲು ಇನ್ನೊಬ್ಬರ ಮನೆಗೆ ಹೊರಡುವುದು.

ಆ ಇನ್ನೊಬ್ಬರ ಮನೆ ಚನ್ನಗಿರಿಯ ಕೋಟೆಗೆ ಹೋಗುವ ದಾರಿಯಲ್ಲಿತ್ತು. ಯಜಮಾನ ತಿಪ್ಪೇರುದ್ರನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ದನಿ ಎತ್ತಿ ಮಾತನಾಡಿದವನಲ್ಲ. ಬಿಟ್ಟ ಚಪ್ಪಲಿಯನ್ನು ಬಗ್ಗಿ ಜೋಡಿಸಿಡುವವನು. ಕೆಲಸದವಳನ್ನೂ ಬಹುವಚನದಲ್ಲಿ ಮಾತನಾಡಿಸುವವನು. ಬೀದಿಯ ಹೆಂಗಸರು ತಮ್ಮ ಗಂಡಂದಿರಿಗೆ ಅವನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು.

ಅವನ ಹೆಂಡತಿ ಪವಿತ್ರ ಜಗಳೂರಿನವಳು. ಪಿಟೀಲು ಬಾರಿಸುತ್ತಿದ್ದಳು. ಮದುವೆಗೆ ಮುಂಚೆ ನಾಲ್ಕಾರು ಕಡೆ ಕಛೇರಿ ಮಾಡಿದ್ದಳಂತೆ. ಈಗ ಅವಳಿಗೆ ಉಳಿದದ್ದು ಬೆಳಗಿನ ಒಂದು ತಾಸು. ಅಡುಗೆಮನೆಯ ಮೇಲಿನ ಮಹಡಿ ಕೋಣೆಯಲ್ಲಿ ಅವಳು ಆ ತಾಸನ್ನು ಕಳೆಯುತ್ತಿದ್ದಳು, ಕೆಳಗೆ ಅನೀಸಾ ಹೆಚ್ಚಿ, ತುರಿದು, ರುಬ್ಬಿ, ತೊಳೆದು ಇಡುತ್ತಿದ್ದಳು. ಒಲೆಯೊಂದನ್ನು ಮಾತ್ರ ಮುಟ್ಟುವಂತಿರಲಿಲ್ಲ. ಅದು ತಿಪ್ಪೇರುದ್ರನ ತಾಯಿ ಬದುಕಿದ್ದಾಗ ಮಾಡಿಟ್ಟ ಕಟ್ಟು. ಸಾಬರ ಹೆಣ್ಣುಮಗಳು ರುಬ್ಬಿದ ಚಟ್ನಿ ಆಗುತ್ತದೆ, ಅವಳು ಹೊತ್ತಿಸಿದ ಬೆಂಕಿ ಆಗುವುದಿಲ್ಲ. ಹಾಗಾಗಿ ಪಿಟೀಲು ಮುಗಿಸಿ ಪವಿತ್ರ ಕೆಳಗಿಳಿದು ಬಂದು ಗ್ಯಾಸ್ ಹೊತ್ತಿಸುವವರೆಗೆ ಎಲ್ಲವೂ ಸಾಲಾಗಿ ಬಟ್ಟಲುಗಳಲ್ಲಿ ಕಾದು ಕೂತಿರುತ್ತಿತ್ತು.

"ನನ್ನ ಒಂದು ತಾಸು ನಿನ್ನ ಕೈಯಾಗೈತೆ ಅನೀಸಾ. ನೀನು ಒಂದಿನ ಜ್ವರ ಅಂತ ಮಲಗಿದ್ರೆ ನನ್ನ ರಾಗನೂ ಮಲಗ್ತೈತೆ" ಎಂದು ಪವಿತ್ರ ನಗುತ್ತಿದ್ದಳು.

"ಅದಕ್ಕೇ ನನಗೆ ಜ್ವರ ಬರಂಗಿಲ್ರಿ ಅಕ್ಕ. ಬಂದ್ರೂ ನಿಮ್ಮ ಮನೆ ಪಾತ್ರೆ ನೋಡಿ ಓಡಿಹೋಗ್ತೈತೆ."

ಇಬ್ಬರ ನಡುವೆ ಒಂದು ಒಪ್ಪಂದವಿತ್ತು. ಮಿಕ್ಸಿ ಹಾಕುವ ಮೊದಲು ಅನೀಸಾ ಮೆಟ್ಟಿಲ ಬುಡಕ್ಕೆ ಬಂದು, "ಮಿಕ್ಸಿ ಹಾಕ್ತೀನಿ ಅಕ್ಕಾ" ಎಂದು ಕೂಗಬೇಕು. ಮೇಲೆ ಪಿಟೀಲು ನಿಲ್ಲುತ್ತದೆ. ಮಿಕ್ಸಿ ಹಾಕಿ ಮುಗಿದ ಮೇಲೆ ಮತ್ತೆ ಶುರುವಾಗುತ್ತದೆ. ಮಿಕ್ಸಿಯ ಗುಂಯ್‌ಗುಡುವಿಕೆ ತನ್ನ ಶ್ರುತಿಗಿಂತ ಅರ್ಧ ಸ್ವರ ಮೇಲೆ ಕೂರುತ್ತದೆ, ಕಿವಿಯನ್ನು ಅಡ್ಡದಾರಿಗೆ ಎಳೆಯುತ್ತದೆ ಎಂದು ಪವಿತ್ರ ಹೇಳುತ್ತಿದ್ದಳು. ಎಷ್ಟು ವರ್ಷದಿಂದಲೋ ಈ ಒಪ್ಪಂದ ಒಮ್ಮೆಯೂ ತಪ್ಪಿರಲಿಲ್ಲ.

ಅನೀಸಾಗೆ ತಂತಿಯ ವಿಷಯ ಹೊಸದಲ್ಲ. ಅವಳು ಹುಟ್ಟಿದ್ದು ಹೊನ್ನಾಳಿಯ ಪಿಂಜಾರರ ಮನೆಯಲ್ಲಿ. ಅಪ್ಪ ಲಾಲ್‌ಸಾಬ್ ಹತ್ತಿ ಬಡಿಯುವವನು. ಜಂತಿಯಿಂದ ಇಳಿಬಿಟ್ಟ ದೊಡ್ಡ ಬಿಲ್ಲು, ಅದಕ್ಕೆ ಬಿಗಿದ ತಂತಿ, ಅದರ ಧಂಯ್ ಧಂಯ್ ಸದ್ದಿಗೆ ಮನೆಯ ಮಕ್ಕಳೆಲ್ಲ ನಿದ್ದೆ ಹೋಗುತ್ತಿದ್ದರು. ಮಳೆ ಹಿಡಿದರೆ ತಂತಿ ಸಡಿಲಾಗಿ ದನಿ ಇಳಿಯುತ್ತಿತ್ತು. ಅಪ್ಪ ಬೈಯುತ್ತಾ ಬಿಗಿಯುತ್ತಿದ್ದ. "ಕೈ ಸೋತಿದ್ದು ಮೈಗೆ ಗೊತ್ತಾಗೋಕೆ ಮುಂಚೆ ಬಿಲ್ಲಿಗೆ ಗೊತ್ತಾಗ್ತೈತೆ" ಎನ್ನುತ್ತಿದ್ದ. ಸಂಜೆ ಹೊತ್ತಿಗೆ ಬಿಲ್ಲಿನ ಹೊಡೆತ ನಿಧಾನವಾದರೆ ಅಮ್ಮ ಕೇಳದೆಯೇ ಚಾ ತಂದಿಡುತ್ತಿದ್ದಳು. ಆಮೇಲೆ ಸ್ಪಂಜಿನ ಹಾಸಿಗೆಗಳು ಬಂದವು, ಬಿಲ್ಲು ಅಟ್ಟ ಸೇರಿತು, ಅನೀಸಾ ಮದುವೆಯಾಗಿ ಚನ್ನಗಿರಿ ಸೇರಿದಳು.

ರಾಗಗಳ ಹೆಸರನ್ನು ಅವಳಿಗೆ ಕಲಿಸಿದ್ದು ಪವಿತ್ರ, ಅವರೆಕಾಯಿ ಸುಲಿಯುತ್ತಾ ಕೂತಾಗ.

"ಇವತ್ತು ಏನ್ರಿ ಅಕ್ಕ, ನಾಯಿ ಅಟ್ಟಿಸ್ಕೊಂಡು ಬಂದಂಗೆ ಬಾರಿಸಿದ್ರಿ."

"ಅದು ಎರಡನೇ ಕಾಲ ಕಣೆ. ಅದೇ ದಾರಿ, ಅಷ್ಟೇ ಹೊತ್ತು, ಹೆಜ್ಜೆ ಎರಡರಷ್ಟು."

"ಹಂಗಾದ್ರೆ ನಾನು ಹುಟ್ಟಿದಾಗಿಂದ ಎರಡನೇ ಕಾಲದಾಗೇ ಇದೀನಿ ಬಿಡ್ರಿ."

ಪವಿತ್ರ ನಕ್ಕು ಕಾಯಿಗಳನ್ನು ಮಡಿಲಿನಿಂದ ಚೆಲ್ಲಿಕೊಂಡಿದ್ದಳು. "ಇವತ್ತಿಂದು ಬಿಲಹರಿ. ಬೆಳಗಿನ ರಾಗ. ಖುಷಿಯಾಗಿದ್ದಾಗ ಬರೋದು."

"ಅದಕ್ಕೇ ಅಪರೂಪಕ್ಕೆ ಕೇಳಿಸ್ತೈತೆ."

ಪವಿತ್ರ ನಗುವುದನ್ನು ನಿಲ್ಲಿಸಿ ಕಾಯಿ ಆರಿಸತೊಡಗಿದಳು.

ಮಳೆಗಾಲಕ್ಕೆ ಮುಂಚೆ ಶಿವಮೊಗ್ಗದ ಒಂದು ಸಂಗೀತ ಸಭೆಯವರು ಪವಿತ್ರಳಿಗೆ ರೆಕಾರ್ಡಿಂಗ್ ಕಳಿಸಿ ಎಂದರು. ಅವಳು ಮೊಬೈಲಿನಲ್ಲೇ ಮಾಡಿ ಕಳಿಸಿದಳು. ಅವರು ಕಛೇರಿಗೆ ಕರೆದರು. ತಿಪ್ಪೇರುದ್ರ ಬೇಡ ಎನ್ನಲಿಲ್ಲ. "ನೋಡಾನ" ಎಂದ. ಊಟ ಮುಗಿಸಿ ಕೈ ತೊಳೆದು, ಟವೆಲ್ಲನ್ನು ಮಡಿಸಿಟ್ಟು, ಇನ್ನೊಮ್ಮೆ, "ನೋಡಾನ" ಎಂದ. ಅನೀಸಾ ಪಾತ್ರೆ ತೊಳೆಯುತ್ತಾ ಅದನ್ನು ಕೇಳಿಸಿಕೊಂಡಳು. ಎರಡನೆಯ ಸಲದ ಮಾತು ಮೊದಲಿನದಕ್ಕಿಂತ ಮೆತ್ತಗಿತ್ತು.

ಅದಾದ ಕೆಲವೇ ದಿನಕ್ಕೆ ಒಂದು ಬೆಳಿಗ್ಗೆ ಅವಳು ಬಂದಾಗ ಮೆಟ್ಟಿಲ ಬುಡದ ಬಾಗಿಲಿಗೆ ಬೀಗ ಬಿದ್ದಿತ್ತು. ಮೇಲೆ ಪಿಟೀಲು ಕೇಳಿಸುತ್ತಿತ್ತು. ತಿಪ್ಪೇರುದ್ರ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ.

"ಅಕ್ಕ ಮೌನವ್ರತ ಹಿಡಿದಾರೆ ಕಣಮ್ಮ. ಕಛೇರಿ ಬಂತಲ್ಲ, ಅದಕ್ಕೆ. ಮಂಡಲ ಮುಗಿಯೋ ತನಕ ಮಾತಿಲ್ಲ, ಯಾರ ಮುಖನೂ ನೋಡಂಗಿಲ್ಲ. ಊಟ ನಾನೇ ಕೊಡ್ತೀನಿ."

"ಬೀಗ ಯಾಕ್ರಿ ಅಣ್ಣಾರೆ?"

"ಅವ್ರೇ ಹಾಕಿಸ್ಕೊಂಡ್ರು. ಮನಸ್ಸು ಚಂಚಲ ಆಗ್ತೈತಂತೆ." ಅವನು ಗ್ಯಾಸಿನ ಕಡೆ ನೋಡಿದ. "ಇವತ್ತಿಂದ ಒಲೆನೂ ನೀವೇ ಹೊತ್ತಿಸ್ರಿ."

ಅನೀಸಾ ಲೈಟರ್ ಹಿಡಿದು ನಿಂತಳು. ಸತ್ತ ಮುದುಕಿಯ ಕಟ್ಟನ್ನು ಇಷ್ಟು ವರ್ಷ ಮುರಿಯದವನು ಒಂದೇ ಮಾತಿನಲ್ಲಿ ಮುರಿದಿದ್ದ. ಅವಳಿಗೆ ಅದರಲ್ಲಿ ಮರ್ಯಾದೆ ಕಾಣಲಿಲ್ಲ. ಉರಿ ನೀಲಿಯಾಗಿ ಹತ್ತಿಕೊಂಡಾಗ, ಏನೋ ದೊಡ್ಡದು ಕೆಟ್ಟಿದ್ದರಿಂದಲೇ ಈ ಸಣ್ಣದನ್ನು ಬಿಟ್ಟುಕೊಟ್ಟಿದ್ದಾನೆ ಅನ್ನಿಸಿತು.

ಆ ದಿನ ಬೀಗದ ಬಾಗಿಲ ಹತ್ತಿರ ನಿಂತು ಅವಳು, "ಮಿಕ್ಸಿ ಹಾಕ್ತೀನಿ ಅಕ್ಕಾ" ಎಂದು ಕೂಗಿದಳು. ಪಿಟೀಲು ನಿಲ್ಲಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೂಗಿದಳು. ಬಿಲಹರಿ ತನ್ನಪಾಡಿಗೆ ಮೇಲೇರುತ್ತಲೇ ಇತ್ತು. ಮಿಕ್ಸಿ ಹಾಕಿದಳು. ಎರಡೂ ಸದ್ದು ಒಂದರೊಳಗೊಂದು ಸಿಕ್ಕಿ ಒದ್ದಾಡಿದವು.

ಅವಳಿಗೆ ಮೊದಲು ಆದದ್ದು ಭಯವಲ್ಲ, ಬೇಜಾರು. ಒಲೆ ಮುಟ್ಟಿದ್ದಕ್ಕೆ ಅಕ್ಕನಿಗೆ ಸಿಟ್ಟೇ? ಮನೆಗೆ ಹೋಗಿ ಅತ್ತೆಯ ಮುಂದೆ ಹೇಳಿಕೊಂಡಳು.

"ದೊಡ್ಡೋರ ಸ್ನೇಹ ತೊಟ್ಟಿ ನೀರಿದ್ದಂಗೆ. ಇದ್ದಾಗ ಐತೆ, ಇಲ್ದಾಗ ಇಲ್ಲ" ಎಂದಳು ಇಮಾಮ್‌ಬೀ, ಎಲೆಗೆ ಸುಣ್ಣ ಹಚ್ಚುತ್ತಾ.

ಮಾರನೆಯ ದಿನವೂ ಬಿಲಹರಿ. ಅದರ ಮಾರನೆಯ ದಿನವೂ. ಸೂಳೆಕೆರೆಯ ಕಡೆಯಿಂದ ಮೋಡ ಕವಿದು ಮಳೆ ಹಿಡಿಯಿತು. ಹಿಟ್ಟಿನ ಡಬ್ಬಿಯಲ್ಲಿ ಹುಳ, ಬಟ್ಟೆಯಲ್ಲಿ ಮುಗ್ಗಲು. ಇಂಥ ದಿನಗಳಲ್ಲಿ ಪವಿತ್ರ ಬಾರಿಸುವುದಕ್ಕಿಂತ ತಂತಿ ಬಿಗಿಯುವುದೇ ಹೆಚ್ಚು. ಟಿಂಯ್ ಎನ್ನಿಸಿ, ಕೇಳಿ, ಬಿರಡೆ ತಿರುಗಿಸಿ, ಗೊಣಗುತ್ತಿದ್ದಳು. ಈಗ ಮೇಲಿನ ಪಿಟೀಲು ಒಮ್ಮೆಯೂ ಬಿಗಿಸಿಕೊಳ್ಳಲಿಲ್ಲ. ಕೋಟೆಯ ಬಂಡೆಗಳೇ ಬೆವರುತ್ತಿದ್ದ ಮಳೆಯಲ್ಲಿ ಅದರ ಶ್ರುತಿ ಕೂದಲೆಳೆಯಷ್ಟೂ ಇಳಿಯಲಿಲ್ಲ. ನಡಿಗೆಯೂ ಅಷ್ಟೆ. ಮೊದಲು ನಿಧಾನ, ಆಮೇಲೆ ಎರಡನೇ ಕಾಲದ ಓಟ. ನಿನ್ನೆ ಏದುಸಿರು ಬಿಟ್ಟಲ್ಲೇ ಇವತ್ತೂ ಏದುಸಿರು. ದಣಿವು ಮಾತ್ರ ಯಾವ ದಿನವೂ ಇಲ್ಲ. ಎಲ್ಲಕ್ಕಿಂತ ಆ ರಾಗದ ಹುರುಪು ಅವಳನ್ನು ಕಾಡಿತು. ಬಾಗಿಲಿಗೆ ಬೀಗ ಹಾಕಿಕೊಂಡು ದಿನವೂ ಇಷ್ಟು ಖುಷಿಯಾಗಿ ಇರುವವರು ಯಾರು?

ಇನ್ನು ತಟ್ಟೆಗಳು. ಪವಿತ್ರ ಕರಿಬೇವು ತಿನ್ನುವವಳಲ್ಲ. ಒಂದೊಂದೇ ಎಲೆ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಅಂಟಿಸುವ ಚಾಳಿ. ಆ ಸಾಲನ್ನು ಉಗುರಿನಿಂದ ಕೆರೆದು ತೊಳೆಯುವುದು ಅನೀಸಾಳ ಚಾಳಿ. ವ್ರತದ ಮೊದಲ ದಿನಗಳಲ್ಲಿ ಸಾಲು ಇತ್ತು. ಆದರೆ ತಟ್ಟೆಯ ಜೊತೆ ಚಮಚ ಬರತೊಡಗಿತು. ಸಾರನ್ನವನ್ನು ಕೈಯಲ್ಲಿ ಕಲೆಸದಿದ್ದರೆ ಊಟ ಮಾಡಿದಂತೆಯೇ ಅಲ್ಲ ಎನ್ನುತ್ತಿದ್ದವಳಿಗೆ ಚಮಚ ಯಾಕೆ? ಬಲಗೈಗೆ ಏನಾಗಿದೆ? ಅನ್ನ ಕಲೆಸಲಾಗದ ಕೈ ಕಮಾನು ಹಿಡಿಯುವುದು ಹೇಗೆ? ಆ ಪ್ರಶ್ನೆಯನ್ನು ಅವಳು ಸೋಪಿನ ನೀರಿನ ಜೊತೆ ಚೆಲ್ಲಿಬಿಟ್ಟಳು. ಆಮೇಲೊಂದು ದಿನ ಕರಿಬೇವಿನ ಸಾಲೂ ನಿಂತಿತು. ತಟ್ಟೆ ನುಣ್ಣಗೆ ಬಳಿದು ಬಂತು, ಅಂಚಿನಲ್ಲಿ ಕಚ್ಚಿಬಿಟ್ಟ ಹಸಿಮೆಣಸಿನ ತೊಟ್ಟು. ಮೆಣಸಿನಕಾಯಿ ಕಚ್ಚಿಕೊಂಡು ಉಣ್ಣುವವನು ತಿಪ್ಪೇರುದ್ರ.

ಆ ವಾರವೇ ಪವಿತ್ರಳ ತಂಗಿ ಕಾವ್ಯಶ್ರೀ ಜಗಳೂರಿನಿಂದ ಫೋನ್ ಮಾಡಿದ್ದಳು. ತಿಪ್ಪೇರುದ್ರ ಅನೀಸಾಳ ಎದುರಿಗೇ ಫೋನನ್ನು ಮೆಟ್ಟಿಲ ಬಾಗಿಲಿಗೆ ಹಿಡಿದ. "ಕೇಳಮ್ಮ, ನೀನೇ ಕೇಳು. ಎಷ್ಟು ಚೆಂದ ಬಾರಿಸ್ತಿದಾಳೆ. ಈಗ ಮಾತಾಡ್ಸಿದ್ರೆ ವ್ರತ ಕೆಡ್ತೈತೆ." ಅತ್ತ ಕಡೆಯಿಂದ ಕಾವ್ಯಶ್ರೀ ಏನೋ ಹೇಳಿ ನಕ್ಕಳು. ಅಕ್ಕನ ಪಿಟೀಲು ಕೇಳಿ ಅವಳಿಗೆ ಸಮಾಧಾನವಾಗಿತ್ತು.

ಮರುದಿನ ಬೆಳಿಗ್ಗೆ ಕರೆಂಟ್ ಇರಲಿಲ್ಲ. ತಿಪ್ಪೇರುದ್ರ ಎಂದಿನಂತೆ ಮೇಲೆ ಹೋದ. ಪಿಟೀಲು ಶುರುವಾಯಿತು. ಅವನು ಇಳಿದು ಬಂದು, ಬೀಗ ಹಾಕಿ, ಕೊಡೆ ಹಿಡಿದು ಕೋಟೆಯ ಕಡೆ ವಾಕಿಂಗ್ ಹೊರಟ. ಪಿಟೀಲು ಮುಗಿಯುವ ಹೊತ್ತಿಗೆ ಸರಿಯಾಗಿ ಅವನು ಗೇಟಿನಲ್ಲಿರುತ್ತಿದ್ದ.

ಅಡುಗೆಮನೆ ಎಂದೂ ಅಷ್ಟು ಸದ್ದಿಲ್ಲದೆ ಇರಲಿಲ್ಲ. ಬೇರೆ ದಿನ ಈ ಹೊತ್ತಿಗೆ ಮಿಕ್ಸಿಯೋ ಮೋಟಾರೋ ಮೇಲಿನ ಸದ್ದನ್ನು ಮುಚ್ಚಿಬಿಡುತ್ತಿತ್ತು. ಮಿಕ್ಸಿ ಇಲ್ಲ, ನೀರಿನ ಮೋಟಾರ್ ಇಲ್ಲ, ಹಿತ್ತಲಲ್ಲಿ ನಲ್ಲಿಯೂ ಬಂದಿಲ್ಲ. ಅನೀಸಾ ಕಾಯಿ ತುರಿಯುತ್ತಾ ಕೂತಿದ್ದಳು. ಮೇಲೆ ಬಿಲಹರಿ ಏರಿ, ತಿರುಗಿ, ಇನ್ನೇನು ಇಳಿಯಬೇಕು ಅನ್ನುವಾಗ ತಟ್ಟನೆ ನಿಂತಿತು. ಅವಳು ತಲೆಯೆತ್ತಿದಳು.

ಆಗ ಮೇಲಿನಿಂದ ಒಂದು ಹೆಂಗಸಿನ ದನಿ ಕೇಳಿಸಿತು. ದೂರದಿಂದ, ಬಾವಿಯೊಳಗಿಂದ ಬಂದಂತೆ.

"ಮಿಕ್ಸಿ ಹಾಕ್ತೀನಿ ಅಕ್ಕಾ."

ಅದು ಅವಳದೇ ದನಿ.

ಹಿಂದೆಯೇ ಮಿಕ್ಸಿ ತಿರುಗತೊಡಗಿತು. ಇದೇ ಮಿಕ್ಸಿ, ಜಾರಿನ ಮುಚ್ಚಳ ಸಡಿಲವಾಗಿ ಕಟಕಟ ಎನ್ನುವ ಇದೇ ಸದ್ದು. ಅನೀಸಾ ಎದ್ದು ಹೋಗಿ, ಗೋಡೆಯ ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ಕರೆಂಟಿಲ್ಲದ ಮನೆಯಲ್ಲಿ, ಪ್ಲಗ್ ಅವಳ ಮುಷ್ಟಿಯಲ್ಲಿರುವಾಗ, ಮಿಕ್ಸಿ ಮೇಲೆ ತಿರುಗುತ್ತಲೇ ಇತ್ತು. ನಿಂತಿತು. ಬಿಲಹರಿ ಮುಂದುವರಿಯಿತು.

ಅವಳು ಪ್ಲಗ್ಗನ್ನು ಕಟ್ಟೆಯ ಮೇಲಿಟ್ಟಳು. ಸಭೆಗೆ ರೆಕಾರ್ಡ್ ಮಾಡಿದ ಬೆಳಿಗ್ಗೆ ನೆನಪಾಯಿತು. ಕೋಣೆಯೊಳಗೆ ದನಿ ಗವ್ವೆನ್ನುತ್ತದೆಂದು ಪವಿತ್ರ ಮೊಬೈಲನ್ನು ಮೆಟ್ಟಿಲ ಮೇಲಿಟ್ಟಿದ್ದಳು. ತಿಪ್ಪೇರುದ್ರ ತಿಂಡಿಗೆ ಅವಸರ ಮಾಡಿದ್ದರಿಂದ ಅನೀಸಾ ಮಿಕ್ಸಿ ಹಾಕಲೇಬೇಕಾಗಿತ್ತು. ಅವಳು ಮೆಟ್ಟಿಲ ಬುಡಕ್ಕೆ ಬಂದ ಸದ್ದಿಗೇ, ಕೂಗುವ ಮೊದಲೇ, ಪವಿತ್ರ ಕಮಾನು ನಿಲ್ಲಿಸಿದ್ದಳು. "ಇರ್ಲಿ ಬಿಡು, ನಿನ್ನ ಕಛೇರಿನೂ ಇದ್ರಾಗೆ ಸೇರ್ಕೊಂಡೈತೆ. ಕಳಿಸೋದಕ್ಕೆ ಇನ್ನೊಂದು ಮಾಡ್ತೀನಿ, ಇದು ನನಗಿರ್ಲಿ" ಎಂದು ಪವಿತ್ರ ನಕ್ಕಿದ್ದಳು. ಆ ಖುಷಿಯ ದಿನವನ್ನೇ ತಿಪ್ಪೇರುದ್ರ ಈಗ ದಿನವೂ ಮೇಲೆ ಮೊಬೈಲಿನಲ್ಲಿ ಹಾಕಿಟ್ಟು ಹೋಗುತ್ತಿದ್ದ. ಅದರಲ್ಲಿ ಮಿಕ್ಸಿ ಇದೆ, ಕೆಲಸದವಳ ಕೂಗು ಇದೆ ಎಂದು ಅವನಿಗೆ ತಿಳಿದಿರಲಿಕ್ಕಿಲ್ಲ. ಇಲ್ಲವೇ, ಹಾಕಿಟ್ಟು ಹೋಗುವ ಮೊದಲು ಕೇಳಿಯೂ ಇದ್ದಿರಬಹುದು. ಅಡುಗೆಮನೆಯ ಸದ್ದನ್ನು ಅವನು ಯಾವತ್ತು ಸದ್ದು ಎಂದುಕೊಂಡಿದ್ದ?

ಹಾಗಾದರೆ ಅಕ್ಕ ಎಲ್ಲಿ?

ಅವಳು ಮೇಲಕ್ಕೆ ಕಿವಿಗೊಟ್ಟಳು. ಬಿಲಹರಿ ಎರಡನೇ ಕಾಲದಲ್ಲಿ ಓಡುತ್ತಿತ್ತು. ಅದರ ಅಡಿಯಲ್ಲಿ, ಅಡುಗೆಮನೆಯ ಚಾವಣಿಗೆ ಅಂಟಿದಂತೆ, ಇನ್ನೊಂದು ಸದ್ದಿತ್ತು. ನೆಲಕ್ಕೆ ಹಿಮ್ಮಡಿ ತಾಗಿದ ಸದ್ದು. ತಾಳ ಹಾಕುವಾಗ ಪವಿತ್ರ ಹಿಮ್ಮಡಿಯನ್ನು ಹೀಗೆಯೇ ಕುಟ್ಟುತ್ತಿದ್ದಳು. ಆದರೆ ಇದು ಮೇಲಿನ ಓಟಕ್ಕೆ ಸೇರಿದ್ದಲ್ಲ. ಒಂದು ಏಟು. ಬಹಳ ಹೊತ್ತಿಗೆ ಇನ್ನೊಂದು. ಅಪ್ಪನ ಬಿಲ್ಲು ಸಂಜೆಗೆ ಸೋಲುತ್ತಿದ್ದ ಹಾಗೆ, ಪ್ರತಿ ಸಲವೂ ಹಿಂದಿನದಕ್ಕಿಂತ ತಡವಾಗಿ. ಅನೀಸಾ ಜೇಡರಬಲೆ ತೆಗೆಯುವ ಕೋಲನ್ನು ತಂದು ಚಾವಣಿಗೆ ಎರಡು ಸಲ ಕುಟ್ಟಿದಳು. ಸದ್ದು ನಿಂತಿತು. ಆಮೇಲೆ ಎರಡು ಏಟು ಮರಳಿ ಬಂದವು.

ಗೇಟಿನ ಚಿಲಕ ಸರಿಯಿತು. ಅವಳು ಹಿತ್ತಲಿಗೆ ಓಡಿ ಒರಳುಕಲ್ಲಿಗೆ ಕಾಯಿ ಸುರಿದು ಗುಂಡು ತಿರುಗಿಸತೊಡಗಿದಳು.

"ಕರೆಂಟ್ ಇಲ್ವೇನಮ್ಮ?" ತಿಪ್ಪೇರುದ್ರ ಹಿತ್ತಿಲ ಬಾಗಿಲಲ್ಲಿ ನಿಂತಿದ್ದ.

"ಇಲ್ರಿ. ಒರಳಾಗೇ ರುಬ್ತಾ ಇದೀನಿ."

"ಪಾಪ, ಅಕ್ಕ ಕತ್ತಲಾಗೇ ಕೂತು ಬಾರಿಸಿದ್ರು." ಅವನು ಅವಳ ಕೈಗಳನ್ನೇ ನೋಡಿದ. "ಯಾಕಮ್ಮ, ಗುಂಡು ಕೈ ಜಾರ್ತೈತಲ್ಲ?"

"ಒರಳು ರೂಢಿ ತಪ್ಪೈತ್ರಿ ಅಣ್ಣಾರೆ. ಗುಂಡು ಭಾರ."

"ಭಾರ ಇದ್ರೆ ಎತ್ತಾಕೆ ಹೋಗಬೇಡ್ರಿ" ಎಂದು ಮೆತ್ತಗೆ ಹೇಳಿ ಅವನು ಒಳಗೆ ಹೋದ.

ಮನೆಗೆ ಹೋಗಿ ಅನೀಸಾ ಎಲ್ಲವನ್ನೂ ಇಮಾಮ್‌ಬೀಗೆ ಹೇಳಿದಳು.

"ಯಾರಿಗಾದ್ರೂ ಹೇಳ್ಬೇಕಲ್ಲ ಅತ್ತೆ."

"ಹೇಳು. ಅವ್ರು ಬಂದು ಬಾಗಿಲಾಗೆ ನಿಂತ್ರೆ ಮೇಲಿಂದ ಪಿಟೀಲು ಕೇಳಿಸ್ತೈತೆ. ಆತ ಕಾಫಿ ಕೊಟ್ಟು ಕಳಿಸ್ತಾನೆ. ಆಮೇಲೆ ನೀನು ಎಲ್ಲಿ ನಿಂತ್ಕೋತೀಯ?"

"ನಾನೇ ಬೀಗ ಒಡದ್ರೆ?"

"ಸಾಬರ ಹೆಂಗಸು ಬೀಗ ಒಡದ್ರೆ ಮೊದ್ಲು ಕೇಳೋದು ಏನು ಕಳುವಾಗೈತೆ ಅಂತ. ಒಳಗೆ ಯಾರಿದ್ರು ಅಂತಲ್ಲ."

"ಅಲ್ಲಿ ಒಂದು ಜೀವ ಐತೆ."

"ಇಲ್ಲಿ ಎಷ್ಟು ಅದಾವೆ ನೋಡ್ಕೋ." ಇಮಾಮ್‌ಬೀ ಮೊಮ್ಮಗಳ ಕಡೆ ಗದ್ದ ತೋರಿಸಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಅಫ್ರೋಜ್‌ಗೆ ಫೋನ್ ಮಾಡಿದರೆ ಅವನು ಲಾರಿಯ ಸದ್ದಿನ ನಡುವೆ, "ನಾನು ಬರೋ ತನಕ ಸುಮ್ನಿರು. ಇರೋ ಕೆಲಸನೂ ಹೋಗ್ತೈತೆ" ಎಂದ. ಅವನು ಬರುವುದು ಯಾವಾಗ ಎಂದು ಅವನಿಗೂ ತಿಳಿದಿರಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲು ಅನೀಸಾ ಅವೇ ಕೆಲಸಗಳನ್ನು ಅದೇ ಸಾಲಿನಲ್ಲಿ ಮಾಡಿದಳು. ಡ್ರಮ್ಮು ತುಂಬಿಸಿದಳು, ಮಂಡಿಗೆ ಎಣ್ಣೆ ತಿಕ್ಕಿದಳು, ರೊಟ್ಟಿ ಬಡಿದಳು. ಚಿತ್ರಾನ್ನಕ್ಕೆ ಉಪ್ಪು ಹಾಕುವುದನ್ನೂ ಮರೆಯಲಿಲ್ಲ. ಎಣ್ಣೆ ತಿಕ್ಕುವಾಗ ಇಮಾಮ್‌ಬೀ ಸೊಸೆಯ ಕೈಯನ್ನು ಒಂದು ಕ್ಷಣ ಹಿಡಿದು ಬಿಟ್ಟಳು.

ಕೋಟೆ ರಸ್ತೆಯ ಮನೆಯಲ್ಲಿ ತಿಪ್ಪೇರುದ್ರ ಬರಿಗೈಯಲ್ಲಿ ಮೇಲೆ ಹೋಗುತ್ತಿದ್ದ. ಕಾಫಿಯ ಲೋಟ ಕಟ್ಟೆಯ ಮೇಲೇ ಇತ್ತು.

"ಅಕ್ಕನ ಕಾಫಿ ರೀ?"

"ಇವತ್ತು ಉಪವಾಸ. ನೀರೂ ಇಲ್ಲ."

ಬಿಲಹರಿ ಶುರುವಾಯಿತು. ಬೀಗ ಬಿತ್ತು. ಗೇಟಿನ ಸದ್ದಾಯಿತು. ಕೊಡೆ ತಿರುವಿನಲ್ಲಿ ಮರೆಯಾಗುವವರೆಗೆ ಅನೀಸಾ ಕಿಟಕಿಯಲ್ಲಿ ನಿಂತಿದ್ದಳು. ಆಮೇಲೆ ಕೋಲಿನಿಂದ ಚಾವಣಿಗೆ ಎರಡು ಸಲ ಕುಟ್ಟಿದಳು. ಕಾದಳು. ಪಿಟೀಲು ತನ್ನ ಹಳೆಯ ಖುಷಿಯಲ್ಲಿ ಏರುತ್ತಿತ್ತು. ಮತ್ತೆ ಕುಟ್ಟಿದಳು. ಬಹಳ ಹೊತ್ತಿನ ಮೇಲೆ ಒಂದು ಏಟು ಕೇಳಿಸಿತು. ಎರಡನೆಯದು ಬರಲಿಲ್ಲ.

ಹಿತ್ತಲಿಗೆ ಹೋಗಿ ಒರಳಿನಿಂದ ಗುಂಡುಕಲ್ಲನ್ನು ಎತ್ತಿಕೊಂಡಳು. ಎರಡೂ ತೋಳಲ್ಲಿ ಮಗುವನ್ನು ಹಿಡಿದಂತೆ ಎದೆಗವಚಿಕೊಂಡು ಒಳಗೆ ಬಂದಳು. ಮೆಟ್ಟಿಲ ಬಾಗಿಲ ಮುಂದೆ ಅದನ್ನಿಳಿಸಿ, ಕೈ ಒರೆಸಿಕೊಂಡು, ಅಡುಗೆಮನೆಗೆ ಹೋಗಿ ಮಿಕ್ಸಿಯ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಇವತ್ತು ಕರೆಂಟಿತ್ತು. ಖಾಲಿ ಜಾರನ್ನು ತಿರುಗಲು ಬಿಟ್ಟರೆ ಬೀಗ ಒಡೆಯುವ ಸದ್ದು ಬೀದಿಗೆ ಕೇಳಿಸುವುದಿಲ್ಲ. ಪವಿತ್ರಳನ್ನು ಹಿತ್ತಿಲ ಬಾಗಿಲಿಂದ ಆಚೆ ದಾಟಿಸಿ, ತಾನು ಏನೂ ಅರಿಯದವಳಂತೆ ಮನೆಗೆ ಹೋಗಬಹುದು. ಯಾರೂ ನೋಡುವುದಿಲ್ಲ. ಯಾರೂ ನೋಡದಿದ್ದರೆ, ಸಂಜೆಗೆ ತಿಪ್ಪೇರುದ್ರ ಹೇಳಿದ್ದೇ ನಡೆದದ್ದಾಗುತ್ತದೆ.

ಅವಳು ಸ್ವಿಚ್ಚಿನಿಂದ ಬೆರಳು ತೆಗೆದಳು.

ಮುಂದಿನ ಬಾಗಿಲನ್ನು ಪೂರ್ತಿ ಅಗಲಕ್ಕೆ ತೆರೆದಳು. ಬೀದಿಯ ಕಡೆಯ ಎರಡೂ ಕಿಟಕಿಗಳನ್ನು ತಳ್ಳಿದಳು. ಎದುರು ಮನೆಯಾಕೆ ರಂಗೋಲಿ ಬಿಡುತ್ತಿದ್ದವಳು ತಲೆಯೆತ್ತಿ ನೋಡಿದಳು. ಹಾಲಿನವನು ಸೈಕಲ್ ನಿಲ್ಲಿಸಿದ್ದ. ಅನೀಸಾ ಅವರ ಕಡೆ ನೋಡಲಿಲ್ಲ. ತಲೆಯ ಮೇಲಿನ ಸೆರಗನ್ನು ಇಳಿಸಿ ಸೊಂಟಕ್ಕೆ ಸಿಕ್ಕಿಸಿ, ಕಲ್ಲಿನ ಮುಂದೆ ಕಾಲು ಅಗಲಿಸಿ ನಿಂತಳು. ಮೇಲೆ ರೆಕಾರ್ಡಿಂಗಿನ ಪಿಟೀಲು ನಿಂತು, ಅವಳದೇ ದನಿ ಮಿಕ್ಸಿ ಹಾಕುತ್ತೇನೆ ಎಂದು ಅಕ್ಕನಿಗೆ ಹೇಳಿತು.

"ಅಕ್ಕಾ" ಎಂದು ಅನೀಸಾ ಅದಕ್ಕಿಂತ ಜೋರಾಗಿ, ಬೀದಿಗೆಲ್ಲ ಕೇಳಿಸುವಂತೆ ಕೂಗಿದಳು. "ಬಾಗ್ಲು ಒಡೀತೀನಿ. ಇದ್ದಲ್ಲೇ ಇರ್ರಿ, ನಾನೇ ಬರ್ತೀನಿ."

ಕಲ್ಲನ್ನು ಎತ್ತಿದಳು.